ಎಂಟಿಬಿ ರೇಸಿಗೆ ಇಳಿಯುವವರು ಮೊದಲು ಹಾಕಿಸಬೇಕಾದದ್ದು ಡ್ರಾಪರ್ ಪೋಸ್ಟ್
ಎಂಟಿಬಿ, ಅಂದರೆ ಮೌಂಟನ್ ಬೈಕ್ ರೇಸ್ ಶುರು ಮಾಡಬೇಕು, ಸೈಕಲ್ಲಿಗೆ ಏನು ಹಾಕಿಸಲಿ ಅಂತ ಕೇಳುವವರಿಗೆಲ್ಲ ನನ್ನ ಉತ್ತರ ಒಂದೇ: ಡ್ರಾಪರ್ ಪೋಸ್ಟ್, ಅಂದರೆ ಓಡಿಸುತ್ತಲೇ ಮೇಲೆ ಕೆಳಗೆ ಮಾಡಬಹುದಾದ ಸೀಟಿನ ಕಂಬ. ಕಾರ್ಬನ್ ಚಕ್ರ, ಹಗುರದ ಪೆಡಲ್ ಎಲ್ಲ ಆಮೇಲೆ. ಹ್ಯಾಂಡಲ್ ಮೇಲಿನ ಲಿವರ್ ಒತ್ತಿ ಕೂತರೆ ಸೀಟು ಕೆಳಗಿಳಿಯುತ್ತದೆ, ಮೈ ಎತ್ತಿ ಮತ್ತೆ ಒತ್ತಿದರೆ ಮೇಲೆ ಬರುತ್ತದೆ. ಅಷ್ಟೇ ಕೆಲಸ. ಆದರೆ ಏರುವಾಗ ಕಾಲು ಚಾಚಿ ತುಳಿಯಲು ಸೀಟು ಎತ್ತರದಲ್ಲಿರಬೇಕು, ಇಳಿಯುವಾಗ ಅದೇ ಸೀಟು ಅಡ್ಡ ಬಂದು ಹಿಂದಕ್ಕೆ ಸರಿಯಲು ಬಿಡುವುದಿಲ್ಲ. ಎರಡನ್ನೂ ಸೈಕಲ್ ನಿಲ್ಲಿಸದೆ ಸರಿಮಾಡುವ ಭಾಗ ಇದೊಂದೇ.

ಈ ತಲೆನೋವು ಹಳೆಯದು. 1976ರಲ್ಲಿ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ ರಿಪ್ಯಾಕ್ ಅನ್ನುವ ಇಳಿಜಾರಿನ ರೇಸ್ ಶುರುವಾಯಿತು. ಅಲ್ಲಿ ಓಡಿಸುತ್ತಿದ್ದ ಜೋ ಬ್ರೀಜ್, ಜಾಶ್ ಏಂಜೆಲ್ ಜೊತೆ ಸೇರಿ 1984ರಲ್ಲಿ ಹೈಟ್-ರೈಟ್ ಎಂಬ ಸ್ಪ್ರಿಂಗ್ ತಂದರು. ಸೀಟಿನ ಕಂಬವನ್ನು ಬಿಗಿಹಿಡಿಯುವ ಕ್ಲಾಂಪ್ ಸಡಿಲಿಸಿದರೆ ಮೈಭಾರಕ್ಕೆ ಇಳಿಯುವುದು, ಎದ್ದರೆ ಸ್ಪ್ರಿಂಗ್ ಎತ್ತುವುದು. ಈಗಿನ ಡ್ರಾಪರ್ ಮಾಡುವುದೂ ಇದನ್ನೇ, ಕ್ಲಾಂಪಿಗೆ ಕೈ ಹಾಕುವ ಕೆಲಸ ತಪ್ಪಿತು, ಅಷ್ಟೇ.

ಇದು ಎಷ್ಟು ಬೇಕು ಅನ್ನುವುದು ನೀವು ಯಾವ ರೇಸಿಗೆ ಹೋಗುತ್ತೀರಿ ಅನ್ನುವುದರ ಮೇಲಿದೆ. ಎಂಡ್ಯೂರೋ ಅನ್ನುವ ರೇಸಾದರೆ ಇದಿಲ್ಲದೆ ಹೋಗಲೇಬೇಡಿ. ಅಲ್ಲಿ ಟೈಮ್ ಲೆಕ್ಕ ಇಳಿಜಾರಿನ ಸ್ಟೇಜುಗಳಿಗೆ ಮಾತ್ರ. ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಏರುವ ದಾರಿಯನ್ನು ಕೊಟ್ಟ ಗಡುವಿನೊಳಗೆ ಮುಗಿಸಿದರೆ ಸಾಕು. ಆದರೆ ಸ್ಟೇಜಿನ ಮಧ್ಯದಲ್ಲೇ ಸಣ್ಣ ಏರು ಬರುತ್ತದೆ, ಆಗ ಸೀಟು ಎತ್ತಿ ತುಳಿದು, ಮುಂದಿನ ತಿರುವಿಗೆ ಮೊದಲೇ ಇಳಿಸಿಬಿಡಬೇಕು, ಇದನ್ನು ಯೋಚಿಸದೆ ಹೆಬ್ಬೆರಳೇ ಮಾಡುವಂತಾದರೆ ರೇಸಿನ ಅರ್ಧ ಸುಸ್ತು ಕಡಿಮೆ.

ಕ್ರಾಸ್ ಕಂಟ್ರಿಯವರು ಮಾತ್ರ ತುಂಬಾ ವರ್ಷ ಇದನ್ನು ದೂರವಿಟ್ಟರು. 1996ರಿಂದ ಒಲಿಂಪಿಕ್ಸ್‌ನಲ್ಲಿರುವುದು ಈ ರೇಸೇ. ಎಲ್ಲರೂ ಒಟ್ಟಿಗೆ ಹೊರಟು ಸುತ್ತು ಹಾಕುತ್ತಾರೆ, ದೊಡ್ಡ ಮಟ್ಟದ ರೇಸ್ ಸುಮಾರು ಒಂದೂವರೆ ಗಂಟೆ. ಪ್ರತಿ ಸುತ್ತಿನಲ್ಲೂ ಏರಬೇಕಲ್ವಾ, ಹಾಗಾಗಿ ಗ್ರಾಂ ಗ್ರಾಂ ತೂಗುವವರಿಗೆ ಡ್ರಾಪರಿನ ಹೆಚ್ಚುವರಿ ತೂಕ ಭಾರವಾಗಿ ಕಂಡಿತು. ಈಗ ಟ್ರ್ಯಾಕ್‌ಗಳಲ್ಲಿ ಬಂಡೆ ರಾಶಿ, ಕಡಿದಾದ ಜಿಗಿತ ಜಾಸ್ತಿಯಾಗಿ ಅವರೂ ಹಾಕಿಸುತ್ತಿದ್ದಾರೆ. ಸರಿಯಾದ ನಿರ್ಧಾರ ಅಂತಲೇ ನನ್ನ ಅಭಿಪ್ರಾಯ: ಇಳಿಜಾರಿನಲ್ಲಿ ಹೆದರದೆ ಇಳಿದವರಿಗೆ ಮುಂದಿನ ಏರಿಗೆ ಉಸಿರು ಉಳಿದಿರುತ್ತದೆ. ಇಪ್ಪತ್ತು ನಿಮಿಷದ ಆಸುಪಾಸಿನ ಶಾರ್ಟ್ ಟ್ರ್ಯಾಕ್ ರೇಸಿಗೆ ಅಷ್ಟು ಅಗತ್ಯವಿಲ್ಲ. ಎಂಟಿಬಿ ಮ್ಯಾರಥಾನ್ ರೇಸ್ 60 ಕಿಲೋಮೀಟರಿಗಿಂತ ಕಡಿಮೆ ಇರುವುದು ಅಪರೂಪ, ಕೊನೆಯ ಇಳಿಜಾರಿಗೆ ಬರುವಷ್ಟರಲ್ಲಿ ಕೈಕಾಲು ನಡುಗುತ್ತಿರುತ್ತವೆ, ಅಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಡೌನ್‌ಹಿಲ್‌ಗೆ ಬೇಡ. ಒಬ್ಬೊಬ್ಬರಾಗಿ ಕೆಲವೇ ನಿಮಿಷದಲ್ಲಿ ಇಳಿದು ಮುಗಿಸುವ ರೇಸ್ ಅದು, 200 ಮಿಲಿಮೀಟರ್ ಸಸ್ಪೆನ್ಷನ್, ಮುಖ ಮುಚ್ಚುವ ಹೆಲ್ಮೆಟ್, ಸೀಟು ಯಾವಾಗಲೂ ತಗ್ಗಿನಲ್ಲೇ ಇರುತ್ತದೆ. ಅಂದಹಾಗೆ ಇಟಲಿಯ ರಸ್ತೆ ರೇಸಾದ ಮಿಲಾನ್–ಸಾನ್ ರೆಮೋವನ್ನು 2022ರಲ್ಲಿ ಮಾತೇ ಮೊಹೊರಿಚ್ ಗೆದ್ದದ್ದು ರೋಡ್ ಸೈಕಲ್ಲಿಗೆ ಡ್ರಾಪರ್ ಹಾಕಿ, ಪೊಜ್ಜಿಯೋ ಇಳಿಜಾರಿನಲ್ಲಿ ಎಲ್ಲರನ್ನೂ ಹಿಂದೆ ಬಿಟ್ಟು!

ಕೊಳ್ಳುವ ಮೊದಲು ಫ್ರೇಮಿನ ಸೀಟ್ ಟ್ಯೂಬ್, ಅಂದರೆ ಪೋಸ್ಟ್ ಕೂರುವ ಕೊಳವೆಯ ಒಳ ಅಳತೆ ನೋಡಿ. 30.9 ಅಥವಾ 31.6 ಮಿಲಿಮೀಟರ್ ಇದ್ದರೆ ಬೇಕಾದಷ್ಟು ಸಿಗುತ್ತವೆ, 27.2 ಆದರೆ ಆಯ್ಕೆ ಕಡಿಮೆ. ಕ್ರಾಸ್ ಕಂಟ್ರಿಗೆ 100ರಿಂದ 125 ಮಿಲಿಮೀಟರ್ ಇಳಿದರೆ ಸಾಕು, ಎಂಡ್ಯೂರೋಗೆ 150 ದಾಟಲಿ. ಪೋಸ್ಟ್ ಒಳಗೆ ಪೂರ್ತಿ ಕೂರುತ್ತದೆಯೇ ಅಂತಲೂ ಅಳೆಯಿರಿ, ಟ್ಯೂಬ್ ಬಾಗಿದ್ದರೆ ಉದ್ದದ್ದು ಹಿಡಿಸುವುದಿಲ್ಲ. ಲಿವರಿನಿಂದ ಪೋಸ್ಟಿಗೆ ಕೇಬಲ್ ಇರುವುದನ್ನೇ ತೆಗೆದುಕೊಳ್ಳಿ. ಹೈಡ್ರಾಲಿಕ್ ಲೈನ್ ಕೈಕೊಟ್ಟರೆ ಗಾಳಿ ತೆಗೆಯುವ ಕಿಟ್ ಬೇಕು, ವೈರ್‌ಲೆಸ್‌ಗೆ ಬ್ಯಾಟರಿ ಚಾರ್ಜ್ ನೆನಪಿಡಬೇಕು, ಕೇಬಲ್ಲನ್ನು ಮಾತ್ರ ರೇಸಿನ ಹಿಂದಿನ ರಾತ್ರಿ ಮನೆಯಲ್ಲೇ ಬದಲಾಯಿಸಬಹುದು.

ಸೀಟು ಪಕ್ಕಕ್ಕೆ ಸ್ವಲ್ಪ ಅಲುಗಾಡುವುದು ನನಗೆ ಹಿಡಿಸದ ವಿಷಯ, ಆದರೆ ಓಡಿಸುವಾಗ ತೊಂದರೆಯಿಲ್ಲ. ಪೋಸ್ಟ್ ನಿಧಾನವಾಗಿ ಮೇಲೆ ಬರುತ್ತಿದ್ದರೆ ಕೆಟ್ಟಿದೆ ಅಂದುಕೊಳ್ಳಬೇಡಿ, ಮೊದಲು ಕ್ಲಾಂಪ್ ಬೋಲ್ಟ್ ಸಡಿಲಿಸಿ ನೋಡಿ, ಜಾಸ್ತಿ ಬಿಗಿದರೂ ಹಾಗಾಗುತ್ತದೆ. ಕೆಸರಿನಲ್ಲಿ ಓಡಿಸಿದ ಮೇಲೆ ಪೋಸ್ಟಿನ ಹೊಳೆಯುವ ಕೊಳವೆಯನ್ನು ಬಟ್ಟೆಯಿಂದ ಒರೆಸಿ, ಕೆಸರು ಒಳಹೋಗದಂತೆ ತಡೆಯುವ ಸೀಲ್ ಹೆಚ್ಚು ಕಾಲ ಬರುತ್ತದೆ.