ಬಕೆಟ್ ತಳದ ಕಪ್ಪು ನೀರನ್ನು ಗಿಡಕ್ಕೆ ಹೊಯ್ಯಬೇಡಿ

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಇಲ್ಲಿ ಮನೆಮನೆಗೆ ಬಂದು ಕಸ ಸಂಗ್ರಹಿಸುವ ಹರಿತ ಕರ್ಮಸೇನೆಯವರು ಪ್ಲಾಸ್ಟಿಕ್ ಒಯ್ಯುತ್ತಾರೆ, ಅಡುಗೆಮನೆಯ ಹಸಿ ಕಸವನ್ನು ನಾವೇ ನೋಡಿಕೊಳ್ಳಬೇಕು. ಅದರಿಂದ ಗೊಬ್ಬರ ಮಾಡುವ ಅಂತ ಜೂನ್‌ನಲ್ಲಿ ಮುಚ್ಚಳ ಇರುವ 20 ಲೀಟರಿನ ಬಕೆಟ್ ತಂದೆ. ಅಂಗಡಿಯವರು "ಸಿಪ್ಪೆ ಹಾಕಿ ಮುಚ್ಚಿಡಿ, ಸಾಕು" ಅಂದರು. ನಂಬಿದೆ.

ಸೌತೆ ತಿರುಳು, ಬಾಳೆಕಾಯಿ ಸಿಪ್ಪೆ, ಹರಿವೆ ದಂಟು, ದಿನವೂ ಹಾಕಿದೆ. ತರಗೆಲೆ ಒಂದು ಹಿಡಿಯೂ ಹಾಕಲಿಲ್ಲ. ಜಡಿಮಳೆಯಲ್ಲಿ ಒಣಗಿದ್ದು ಎಲ್ಲಿ ಸಿಗುತ್ತದೆ, ಅಲ್ವಾ? ಎರಡೇ ವಾರದಲ್ಲಿ ಕೊಳೆತ ಮೊಟ್ಟೆಯ ನಾತ. ತರಕಾರಿಯಲ್ಲಿ ಬಹುಪಾಲು ನೀರೇ. ಅದು ತಳದಲ್ಲಿ ನಿಂತು ಗಾಳಿ ಆಡದೆ ಹೋದರೆ ಸಿಪ್ಪೆ ಗೊಬ್ಬರ ಆಗುವುದಿಲ್ಲ, ಸುಮ್ನೆ ಹುಳಿತು ಕೊಳೆಯುತ್ತದೆ.

ನಾತವನ್ನು ಹೇಗೋ ತಡೆದುಕೊಂಡೆ. ಈಗಲೂ ಸಂಕಟ ಆಗುವುದು ಬಸಳೆಯದ್ದು.

ಅತ್ತೆಯ ಬಸಳೆ ಚಪ್ಪರ ಎರಡು ವರ್ಷದ್ದು. ವಾರಕ್ಕೆರಡು ಸಲ ಪದಾರ್ಥಕ್ಕೆ ಅದೇ. ಆಟಿ ತಿಂಗಳು (ಜುಲೈ-ಆಗಸ್ಟ್) ಮುಗಿಯುವಾಗ ಬಕೆಟ್ಟಿನ ಕಪ್ಪು ನೀರನ್ನು ದ್ರವ ಗೊಬ್ಬರ ಅಂತ ಬುಡಕ್ಕೆ ಹೊಯ್ದೆ, ಮೇಲಿಂದ ಅರ್ಧ ಕೊಳೆತ ಸಿಪ್ಪೆಯ ಲೋಳೆಯನ್ನೂ ಹಾಕಿದೆ. "ಅದು ಇನ್ನೂ ಹಸಿ ಉಂಟಲ್ಲ ಮಗಾ, ಈಗ ಬೇಡ" ಅಂತ ಅತ್ತೆ ಹೇಳಿದ್ದರು. ನಾನು ಕೇಳಲಿಲ್ಲ. ಐದನೇ ದಿನ ಎಲೆ ಹಳದಿ. ಮತ್ತೆ ಬುಡ ಮೆತ್ತಗಾಗಿ ಬಳ್ಳಿಯೇ ಜೋತುಬಿತ್ತು. ಅಗೆದರೆ ಬೇರೆಲ್ಲ ಕಪ್ಪು. ಅರ್ಧ ಕೊಳೆತದ್ದರಲ್ಲಿ ಹುಳಿ ಜಾಸ್ತಿ, ಬೇರು ಸುಡುತ್ತದೆ. ಮಣ್ಣಿನೊಳಗಿನ ಗಾಳಿಯನ್ನೂ ಸಾರಜನಕವನ್ನೂ ಅದೇ ಎಳೆದುಕೊಳ್ಳುತ್ತದೆ.

ದಯವಿಟ್ಟು ಬಕೆಟ್ಟಿನ ತಳಕ್ಕೂ ಬದಿಗೂ ತೂತು ಮಾಡಿ, ಇಟ್ಟಿಗೆಯ ಮೇಲಿಡಿ. ಕೆಳಗಿನ ತಟ್ಟೆಯ ನೀರನ್ನು ದಿನವೂ ಚೆಲ್ಲಿ, ಸೊಳ್ಳೆ ಮೊಟ್ಟೆ ಇಡುತ್ತದೆ. ಒಂದು ಪಾಲು ಸಿಪ್ಪೆಗೆ ಎರಡು ಪಾಲಾದರೂ ತರಗೆಲೆ ಬೇಕು. ಮಾರ್ಚ್, ಏಪ್ರಿಲ್‌ನಲ್ಲೇ ಗೋಣಿಯಲ್ಲಿ ತುಂಬಿ ಸೌದೆ ಕೊಟ್ಟಿಗೆಯಲ್ಲಿಡಿ, ತರಗೆಲೆ ಇಲ್ಲದಿದ್ದರೆ ತೆಂಗಿನ ನಾರಿನ ಹುಡಿ ಹಾಕಿದರೂ ಆಗುತ್ತದೆ. ವಾರಕ್ಕೆರಡು ಸಲ ಮಗುಚಿ. ಒಳಗಿನದ್ದನ್ನು ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಬರಬಹುದು, ಸುರಿಯಬಾರದು.

ಎರಡು ಮೂರು ತಿಂಗಳು ಕಾಯಿರಿ. ಸಿಪ್ಪೆಯ ಗುರುತು ಸಿಗಬಾರದು, ಮಣ್ಣಿನ ವಾಸನೆ ಬರಬೇಕು. ಆಮೇಲೂ ಸ್ವಲ್ಪ ಮಣ್ಣಿಗೆ ಬೆರೆಸಿ ನಾಲ್ಕು ಹರಿವೆ ಬೀಜ ಹಾಕಿ ನೋಡಿ. ಮೊಳಕೆ ಬಾರದಿದ್ದರೆ ಅದು ಇನ್ನೂ ಆಗಿಲ್ಲ.

ಅತ್ತೆ ನೆರೆಮನೆಯಿಂದ ಬಸಳೆ ದಂಟು ತಂದು ಬೇರೆ ಜಾಗದಲ್ಲಿ ನೆಟ್ಟಿದ್ದಾರೆ. ಸದ್ಯ ಅದರ ಬುಡಕ್ಕೆ ಹಳೆಯ ಹಟ್ಟಿಗೊಬ್ಬರ ಮಾತ್ರ.