ಫ್ಲಾಕ್ಸ್‌ಮನ್: ರೇಖಾಚಿತ್ರವೋ, ಸ್ಮಾರಕವೋ?

ಲಂಡನ್ನಿನಲ್ಲಿ ಇಂಗ್ಲಿಷ್ ಶಿಲ್ಪಿ ಜಾನ್ ಫ್ಲಾಕ್ಸ್‌ಮನ್ (1755–1826) ಕೃತಿ ನೋಡಲು ಒಂದೇ ದಿನವಿದ್ದರೆ ರೇಖಾಚಿತ್ರಗಳನ್ನೇ ಆರಿಸಿಕೊಳ್ಳಿ. ಅಲ್ಲಿರುವುದು ಅವನದೇ ಕೈ. ಸ್ಮಾರಕಗಳಿಗೆ ಅವನು ಮಾದರಿ ಮಾಡಿಕೊಡುತ್ತಿದ್ದ. ಅಮೃತಶಿಲೆಯ ಕೆತ್ತನೆ ಬಹುಪಾಲು ಸಹಾಯಕರದು.

ಹೋಮರನ ಇಲಿಯಡ್, ಒಡಿಸ್ಸಿ ಕಾವ್ಯಗಳಿಗೆ ಅವನು ಬರೆದ ಚಿತ್ರಗಳಲ್ಲಿ ನೆರಳಿಲ್ಲ, ಬರೀ ಹೊರಗೆರೆ. 1793ರ ಹೊತ್ತಿಗೆ ರೋಮಿನಲ್ಲಿ ಅವನ್ನು ತಾಮ್ರದ ತಗಡಿಗೆ ಕೊರೆದು ಇಳಿಸಿದವನು ಕೆತ್ತನೆಗಾರ ಟೊಮಾಸೊ ಪಿರೋಲಿ. ಹಾಗಾಗಿ ಮುದ್ರಿತ ಪ್ರತಿ ನೋಡಿ ಫ್ಲಾಕ್ಸ್‌ಮನ್ನನ ಗೆರೆ ಬಿಗಿ, ನಿರ್ಜೀವ ಎಂದುಕೊಳ್ಳಬೇಡಿ. ಮೂಲದಲ್ಲಿ ಪೆನ್ಸಿಲ್ ಗುರುತಿನ ಮೇಲೆ ಶಾಯಿ ಎಲ್ಲಿ ತಡೆದಿದೆ, ಎಲ್ಲಿ ಹರಿದಿದೆ ಎಂಬುದೇ ಸೊಗಸು. ಕಾಗದ ಬೆಳಕಿಗೆ ಮಾಸುವುದರಿಂದ ಇವು ಸದಾ ಗೋಡೆಯ ಮೇಲಿರುವುದಿಲ್ಲ; ಬ್ರಿಟಿಷ್ ಮ್ಯೂಸಿಯಂನ ಅಧ್ಯಯನ ಕೊಠಡಿಗೆ ಮೊದಲೇ ಸಮಯ ಕಾಯ್ದಿರಿಸಿ.

ಸ್ಮಾರಕವೇ ಬೇಕೆಂದರೆ ಲಂಡನ್ನಿನ ದೊಡ್ಡ ಚರ್ಚು ಸೇಂಟ್ ಪಾಲ್ಸ್‌ನ ನೌಕಾಪಡೆಯ ನಾಯಕ ನೆಲ್ಸನ್ನನ ಸ್ಮಾರಕ ನೋಡಿ. ಪ್ರವೇಶಕ್ಕೆ ಟಿಕೆಟ್ ಬೇಕು. ಬ್ರಿಟನ್ನಿನ ಸಂಕೇತವಾದ ಹೆಣ್ಣುರೂಪ ಬ್ರಿಟಾನಿಯಾ, ಸಿಂಹ ಎಲ್ಲ ಸೇರಿ ದೂರದಿಂದ ಕಿಕ್ಕಿರಿದಂತೆ ಕಾಣುತ್ತದೆ. ಹತ್ತಿರ ಹೋಗಿ: ಕಳೆದುಹೋದ ಬಲಗೈಯನ್ನು ಮರೆಮಾಡುವ ಮೇಲಂಗಿ, ಲಂಗರು, ಹಗ್ಗದ ಸುರುಳಿ.

ಬೆಂಗಳೂರಿನವರಿಗೆ ಫ್ಲಾಕ್ಸ್‌ಮನ್ನನ ಕೃತಿ ನೋಡಲು ತಂಜಾವೂರೇ ಹತ್ತಿರ. ಅಲ್ಲಿನ ರಾಜ ಎರಡನೇ ಸರ್ಫೋಜಿ ಅವನಿಂದ ಮಾಡಿಸಿದ, ಜರ್ಮನ್ ಪಾದ್ರಿ ಶ್ವಾರ್ಟ್ಸ್‌ನ ಸ್ಮಾರಕ ಅಲ್ಲಿನ ಶ್ವಾರ್ಟ್ಸ್ ಚರ್ಚಿನಲ್ಲಿದೆ. ಸಾವಿನ ಹಾಸಿಗೆಯಲ್ಲಿರುವ ಪಾದ್ರಿಯ ಕೈ ಹಿಡಿದು ರಾಜ ನಿಂತ ಈ ಉಬ್ಬುಶಿಲ್ಪದಲ್ಲಿ ರೇಖಾಚಿತ್ರದ ಸರಳತೆ ಕಲ್ಲಿಗೂ ಬಂದಿದೆ. ನೆಲ್ಸನ್ನನಿಗಿಂತ ನಮಗೆ ಇದೇ ಮೇಲು.