ಅತ್ತೆಯವರ ಆರೈಕೆಗೆ ಮೂರು ಬಗೆಯ ಸಂಸ್ಥೆಗಳು: ಮೆಲ್ಬರ್ನ್‌ನಲ್ಲಿ ನಾವು ಬಳಸಿ ನೋಡಿದ ಹೋಲಿಕೆ

ವಯಸ್ಸಾದವರನ್ನು ಮನೆಯಲ್ಲೇ ನೋಡಿಕೊಳ್ಳುವುದಕ್ಕೆ ಆಸ್ಟ್ರೇಲಿಯಾ ಸರ್ಕಾರ ಹಣ ಕೊಡುತ್ತದೆ, ಆದರೆ ಆ ಹಣ ನಮ್ಮ ಕೈಗೆ ಬರುವುದಿಲ್ಲ. ನೋಂದಾಯಿತ ಸಂಸ್ಥೆಯೊಂದರ ಮೂಲಕವೇ ಖರ್ಚಾಗಬೇಕು. 2017ರ ಫೆಬ್ರವರಿ 27ರವರೆಗೆ ಪ್ಯಾಕೇಜ್‌ಗಳು, ಅಂದರೆ ಒಬ್ಬೊಬ್ಬರ ಆರೈಕೆಗೆಂದು ಗೊತ್ತುಮಾಡಿದ ಹಣ, ಸಂಸ್ಥೆಗಳಿಗೆ ಹಂಚಿಕೆಯಾಗುತ್ತಿದ್ದವು. ಎಲ್ಲಿ ಜಾಗ ಖಾಲಿಯಿದೆಯೋ ಅಲ್ಲಿಗೆ ಹೋಗಬೇಕಿತ್ತು. ಆಮೇಲಿಂದ ಪ್ಯಾಕೇಜ್ ವ್ಯಕ್ತಿಯ ಹೆಸರಿಗೇ ಬರುತ್ತದೆ, ಮನಸ್ಸಿಗೆ ಬಾರದಿದ್ದರೆ ಎತ್ತಿಕೊಂಡು ಬೇರೆಡೆಗೆ ಹೋಗಬಹುದು. ನಾವು ಹಾಗೆ ಎರಡು ಸಲ ಹೋದವರು.

ನಮ್ಮ ಅತ್ತೆಯವರಿಗೆ ಎಂಬತ್ತು ದಾಟಿದೆ. ಹಾಸನದ ಕಡೆಯವರು, ನಮ್ಮೊಂದಿಗೆ ಮೆಲ್ಬರ್ನ್‌ನ ಪಶ್ಚಿಮ ಭಾಗದಲ್ಲಿದ್ದಾರೆ. ಸಕ್ಕರೆ ಕಾಯಿಲೆ ಇದೆ, ಮಂಡಿ ನೋವಿದೆ, ಒಮ್ಮೆ ಬಚ್ಚಲಲ್ಲಿ ಬಿದ್ದ ಮೇಲೆ ಧೈರ್ಯ ಕುಗ್ಗಿದೆ. ಇಲ್ಲಿನ ವೃದ್ಧಾಪ್ಯ ಪಿಂಚಣಿ ಪೂರ್ತಿಯಾಗಿ ಬರುತ್ತದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದ್ದರಿಂದ ಸ್ನಾನಕ್ಕೆ, ಡಾಕ್ಟರ ಬಳಿ ಕರೆದೊಯ್ಯುವುದಕ್ಕೆ, ಮಧ್ಯಾಹ್ನ ಅನ್ನ ಬಿಸಿಮಾಡಿ ಬಡಿಸುವುದಕ್ಕೆ ಜನ ಬೇಕಿತ್ತು. ಮೌಲ್ಯಮಾಪನದ ತಂಡ ಬಂದು ನೋಡಿ, ಆಗಿದ್ದ ನಾಲ್ಕು ಹಂತಗಳಲ್ಲಿ ಮೂರನೆಯ ಹಂತದ ಪ್ಯಾಕೇಜ್ ಒಪ್ಪಿತು. ಕೆಲವು ತಿಂಗಳು ಕಾದ ಮೇಲೆ ಪತ್ರ ಬಂತು.

ಮೊದಲು ಚರ್ಚ್ ಮೂಲದ, ಲಾಭದ ಉದ್ದೇಶವಿಲ್ಲದ ಒಂದು ದೊಡ್ಡ ಸಂಸ್ಥೆ. ಆಮೇಲೆ ದಕ್ಷಿಣ ಏಷ್ಯಾದ ಹಿರಿಯರಿಗೆಂದೇ ಇರುವ ಸಣ್ಣದೊಂದು ಸಂಸ್ಥೆ. ಮನೆಯಲ್ಲಿ ಅದನ್ನು ‘ನಮ್ಮವರದು’ ಎನ್ನುತ್ತಿದ್ದೆವು. ಈಗಿರುವುದು ಸ್ವಯಂ ನಿರ್ವಹಣೆಯ ಸಂಸ್ಥೆ: ಲೆಕ್ಕವನ್ನೂ ಕಾನೂನಿನ ಹೊಣೆಯನ್ನೂ ಅವರು ನೋಡಿಕೊಳ್ಳುತ್ತಾರೆ, ಕೆಲಸದವರನ್ನು ಹುಡುಕಿ ಸಮಯ ಗೊತ್ತುಮಾಡುವುದು ನಮ್ಮ ಕೆಲಸ. ಹೆಸರುಗಳನ್ನು ಬರೆಯುತ್ತಿಲ್ಲ. ಒಂದೇ ಸಂಸ್ಥೆ ಒಂದು ಬಡಾವಣೆಯಲ್ಲಿ ಚೆನ್ನಾಗಿ ನಡೆದು, ನಾಲ್ಕು ಕಿಲೋಮೀಟರ್ ಆಚೆ ಜನರಿಲ್ಲದೆ ಒದ್ದಾಡುವುದನ್ನು ಕಂಡಿದ್ದೇವೆ. ವೃದ್ಧಾಶ್ರಮಗಳಿಗೆ ಸರ್ಕಾರ ಕೊಡುವ ನಕ್ಷತ್ರದ ದರ್ಜೆಯೂ ಮನೆ ಆರೈಕೆಯ ಸಂಸ್ಥೆಗಳಿಗಿಲ್ಲ. ಹಾಗಾಗಿ ಬಳಸಿ ನೋಡಿದವರ ಮಾತೇ ಗತಿ.

ವಾರಕ್ಕೆ ಎಷ್ಟು ಗಂಟೆ?

ಕರಪತ್ರಗಳಲ್ಲಿ ನಗುವ ಅಜ್ಜಿಯರ ಚಿತ್ರಗಳಿರುತ್ತವೆ, ಈ ಪ್ರಶ್ನೆಗೆ ಉತ್ತರ ಮಾತ್ರ ಇರುವುದಿಲ್ಲ. ಮೂರನೆಯ ಹಂತಕ್ಕೆ ಆಗ ವರ್ಷಕ್ಕೆ ಸುಮಾರು 40,000 ಡಾಲರ್. 2023ರ ಜನವರಿಯಿಂದ ಸರ್ಕಾರ ಸಂಸ್ಥೆಗಳ ಶುಲ್ಕಕ್ಕೆ ಮಿತಿ ಹಾಕಿತ್ತು: ಆರೈಕೆ ನಿರ್ವಹಣೆಗೆ (ಯಾವ ನೆರವು ಬೇಕೆಂದು ಯೋಜಿಸಿ ಹೊಂದಿಸುವ ಕೆಲಸ) ಶೇಕಡಾ 20, ಪ್ಯಾಕೇಜ್ ನಿರ್ವಹಣೆಗೆ (ಲೆಕ್ಕ, ಕಚೇರಿಯ ಖರ್ಚು) ಶೇಕಡಾ 15. ದೊಡ್ಡ ಸಂಸ್ಥೆ ಆ ಮಿತಿಯನ್ನು ಮುಟ್ಟಲೇಬೇಕಾದ ಗೆರೆಯೆಂದು ತಿಳಿದಂತೆ ಪೂರ್ತಿ 35 ತೆಗೆದುಕೊಂಡಿತು. ಅಲ್ಲಿಗೆ 14,000 ಹೋಯಿತು. ಉಳಿದದ್ದು ವಾರಕ್ಕೆ 500 ಡಾಲರ್. ಅವರ ದರ ಗಂಟೆಗೆ 70. ವಾರಕ್ಕೆ ಏಳು ಗಂಟೆ.

ನಮ್ಮವರ ಸಂಸ್ಥೆ ಶೇಕಡಾ 28 ತೆಗೆದು ಗಂಟೆಗೆ 62 ಹಾಕಿತು. ಒಂಬತ್ತು ಗಂಟೆಯ ಹತ್ತಿರ ಬಂತು. ಸ್ವಯಂ ನಿರ್ವಹಣೆಯವರು ತೆಗೆದದ್ದು ಶೇಕಡಾ 17, ನಾವು ಗೊತ್ತುಮಾಡಿದ ಹೆಂಗಸಿನ ದರ 55; ಹನ್ನೊಂದೂವರೆ ಗಂಟೆ. ಅದೇ ಸರ್ಕಾರ, ಅದೇ ಹಣ, ಅದೇ ಅತ್ತೆ.

2025ರ ನವೆಂಬರ್ 1ರಿಂದ ಹೊಸ ಕಾಯ್ದೆಯ ಜೊತೆಗೆ, ಹಳೆಯ ಪ್ಯಾಕೇಜ್‌ಗಳ ಬದಲು ‘ಸಪೋರ್ಟ್ ಅಟ್ ಹೋಮ್’ ಎಂಬ ಯೋಜನೆ ಬಂತು. ಹಳೆಯ ನಾಲ್ಕು ಹಂತಗಳ ಬದಲು ಹೊಸಬರಿಗೆ ಎಂಟು ವರ್ಗಗಳು. ಹಣ ಮೂರು ತಿಂಗಳಿಗೊಮ್ಮೆ ಬರುತ್ತದೆ, ಅದರಲ್ಲಿ ಶೇಕಡಾ 10 ಆರೈಕೆ ನಿರ್ವಹಣೆಗೆ ಎಲ್ಲರಿಗೂ ಒಂದೇ ಸಮ ಕಡಿತ. ಪ್ಯಾಕೇಜ್ ನಿರ್ವಹಣೆಯ ಶುಲ್ಕ ರದ್ದಾಯಿತು. ಕೇಳಲು ಚೆಂದ. ಆದರೆ ಕಚೇರಿಯ ಖರ್ಚನ್ನೆಲ್ಲ ಸಂಸ್ಥೆಗಳು ಈಗ ಗಂಟೆಯ ದರದೊಳಗೇ ಸೇರಿಸಬೇಕು. ಹೊಸ ದರಪಟ್ಟಿಗಳು ಬಂದ ಮೇಲೆ ಮೂರನ್ನೂ ಊಟದ ಮೇಜಿನ ಮೇಲೆ ಹರಡಿಕೊಂಡು ನೋಡಿದೆವು. ಗಂಟೆಗೆ ದೊಡ್ಡವರದು 105 ಡಾಲರ್, ನಮ್ಮವರದು 92, ಸ್ವಯಂ ನಿರ್ವಹಣೆಯದು ಎಲ್ಲ ಸೇರಿ 76. ಹಿಂದೆ ಕಮಿಷನ್ ಎಷ್ಟು ಎಂದು ಕೇಳಬೇಕಿತ್ತು. ಈಗ ಗಂಟೆಗೆ ಎಷ್ಟು ಎಂಬ ಒಂದೇ ಪ್ರಶ್ನೆ ಸಾಕು. ದರಗಳನ್ನು ಸಂಸ್ಥೆಗಳು ಪ್ರಕಟಿಸಲೇಬೇಕು, ಸರ್ಕಾರದ ‘ಮೈ ಏಜ್ಡ್ ಕೇರ್’ ಜಾಲತಾಣದಲ್ಲಿ ಹೋಲಿಸಿ ನೋಡಬಹುದು. ಭಾನುವಾರದ ದರ, ಸರ್ಕಾರಿ ರಜೆಯ ದರಗಳನ್ನು ಬೇರೆಯಾಗಿ ನೋಡಿ. ಮೆಲ್ಬರ್ನ್ ಕಪ್ ಕುದುರೆ ಪಂದ್ಯದ ಮಂಗಳವಾರ ಇಲ್ಲಿ ರಜೆ; ಆ ದಿನದ ಸ್ನಾನವನ್ನು ಬುಧವಾರಕ್ಕೆ ಹಾಕಿದರೆ ಒಂದು ಗಂಟೆಯ ಹಣಕ್ಕೂ ಮಿಕ್ಕಿ ಉಳಿಯುತ್ತದೆ.

ಹೊಸದಾಗಿ ಸೇರುವವರಿಗೆ ಈ ದರ ಇನ್ನೂ ನೇರವಾಗಿ ತಟ್ಟುತ್ತದೆ. ಯೋಜನೆ ಜಾರಿಗೆ ಬಂದಾಗಿನ ನಿಯಮದಂತೆ, ಪೂರ್ಣ ಪಿಂಚಣಿ ಪಡೆಯುವವರೂ ಸ್ನಾನದಂಥ ನೆರವಿಗೆ ದರದ ಶೇಕಡಾ 5, ಮನೆ ಗುಡಿಸಿ ಒರೆಸುವಂಥ ಕೆಲಸಕ್ಕೆ ಶೇಕಡಾ 17.5 ಕೈಯಿಂದ ಕೊಡಬೇಕು. ನರ್ಸ್ ಸೇವೆಗೆ ಏನೂ ಇಲ್ಲ. ಗಂಟೆಗೆ ನೂರು ಡಾಲರ್ ಎಂದರೆ ಮನೆ ಒರೆಸಿದ್ದಕ್ಕೆ ಹದಿನೇಳೂವರೆ ಡಾಲರ್ ಅಜ್ಜಿಯ ಪಿಂಚಣಿಯಿಂದ ಹೋಗುತ್ತದೆ. ಅತ್ತೆಯವರಿಗೆ 2024ರ ಸೆಪ್ಟೆಂಬರ್ 12ಕ್ಕೂ ಮುಂಚೆಯೇ ಮಂಜೂರಾಗಿದ್ದರಿಂದ ಹಳಬರಿಗೆ ಹೊರೆ ಹೆಚ್ಚಿಸಬಾರದೆಂಬ ರಿಯಾಯಿತಿಯಲ್ಲಿ ಪಾರಾದೆವು.

ಬಚ್ಚಲುಮನೆಯ ಪರೀಕ್ಷೆ

ಅತ್ತೆಯವರಿಗೆ ಷವರ್ ಎಂದರೆ ಆಗದು. ಬಕೆಟ್‌ನಲ್ಲಿ ನೀರು ತುಂಬಿಸಿ ಚೊಂಬಿನಿಂದ ಸುರಿದುಕೊಂಡರೆ ಮಾತ್ರ ಅದು ಸ್ನಾನ. ದೊಡ್ಡ ಸಂಸ್ಥೆಯಿಂದ ಬಂದ ಮೊದಲ ಹುಡುಗಿ ಬಕೆಟ್ ನೋಡಿದವಳೇ ಹೊರಗೆ ಹೋಗಿ ಕಚೇರಿಗೆ ಫೋನ್ ಮಾಡಿದಳು. ಬಕೆಟ್ ಎಡವಿ ಬೀಳಿಸುವ ವಸ್ತು, ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಸುರಕ್ಷಿತವಾಗಿ ಮಾಡಿಕೊಳ್ಳುವ ದಾರಿ ತೋರಿಸುವ ತಜ್ಞರು) ವರದಿ ಬರುವವರೆಗೆ ಅದನ್ನು ಬಳಸುವಂತಿಲ್ಲ ಎಂದು ಅಲ್ಲಿಂದ ಅಪ್ಪಣೆಯಾಯಿತು. ವರದಿಯ ಖರ್ಚೂ ಪ್ಯಾಕೇಜ್‌ನಿಂದಲೇ. ಅದು ಬರುವವರೆಗೆ ವಾರಗಟ್ಟಲೆ ನಾನೇ ಬೆಳಗ್ಗೆ ಆರಕ್ಕೆ ಎದ್ದು ನೀರು ಹಾಕಿ ಕೆಲಸಕ್ಕೆ ಓಡುತ್ತಿದ್ದೆ.

ಆದರೆ ಥೆರಪಿಸ್ಟ್ ಬಂದದ್ದು ವ್ಯರ್ಥವಾಗಲಿಲ್ಲ. ಆಕೆ ಅತ್ತೆಯವರನ್ನು ಕಮೋಡ್ ಮೇಲೆ ಕೂರಿಸಿ, ಏಳಿಸಿ, ಅವರ ಕೈ ಆಧಾರಕ್ಕಾಗಿ ಎಲ್ಲಿ ಚಾಚುತ್ತದೆ ಎಂದು ನೋಡಿದರು. ಅದು ಟವೆಲ್ ಹಾಕುವ ಸಪೂರ ಸರಳಿಗೆ ಹೋಗುತ್ತಿತ್ತು. ಎರಡು ತಿರುಪಿನ ಮೇಲೆ ನಿಂತ ಸರಳು. ಅದನ್ನು ಕಿತ್ತು ಅದೇ ಎತ್ತರದಲ್ಲಿ ಗಟ್ಟಿ ಹಿಡಿಕೆ ಕೂರಿಸಿದರು. ಬಕೆಟ್‌ಗೆ ಮೂಲೆಯಲ್ಲಿ ಒಂದು ಗಿಡ್ಡ ಸ್ಟೂಲ್ ಸೂಚಿಸಿದರು, ಬಗ್ಗುವ ಕೆಲಸ ತಪ್ಪಿತು. ನಾವು ಅಷ್ಟು ದಿನ ನೋಡಿಯೂ ನೋಡದ ಸರಳು ಅದು. ದೊಡ್ಡ ಸಂಸ್ಥೆಯ ಕಾಗದಪತ್ರದ ಹಟದಿಂದ ಬಂದ ಲಾಭವೆಂದು ಇದನ್ನು ಅವರ ಲೆಕ್ಕಕ್ಕೇ ಸೇರಿಸಬೇಕು.

ನಮ್ಮವರ ಸಂಸ್ಥೆಯಿಂದ ಕನ್ನಡ ಬಲ್ಲವರೇ ಬಂದರು. ಚೊಂಬು, ಸೀಗೆಕಾಯಿ, ಸ್ನಾನವಾದ ಮೇಲೆ ವಿಭೂತಿ, ಯಾವುದನ್ನೂ ವಿವರಿಸಬೇಕಾಗಲಿಲ್ಲ. ಅತ್ತೆಯವರ ಮುಖ ಅರಳಿತು. ಕೆಲವು ವಾರ ಕಳೆದ ಮೇಲೆ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತಿದ್ದಾಗ ಅಷ್ಟೇನೂ ಪರಿಚಯವಿಲ್ಲದ ಒಬ್ಬರು, “ಸಕ್ಕರೆ ಮುನ್ನೂರಕ್ಕೆ ಹೋಗಿತ್ತಂತೆ, ಕಾಲಿನ ಗಾಯ ಹೇಗಿದೆ?” ಎಂದು ಕೇಳಿದರು. ಅತ್ತೆಯವರು ಅಲ್ಲಿ ನಕ್ಕು ಸುಮ್ಮನಾದರು. ಮನೆಗೆ ಬಂದು, “ಆ ಹುಡುಗಿ ನಾಳೆಯಿಂದ ಬರುವುದು ಬೇಡ” ಎಂದರು. ದೂರು ಕೊಟ್ಟಾಗ ಸಂಸ್ಥೆಯವರು ಕ್ಷಮೆ ಕೇಳಿದರು, ಬೇರೆಯವರನ್ನು ಕಳುಹಿಸಿದರು. ಅವರೂ ಕನ್ನಡದವರೇ. ಅತ್ತೆಯವರು ಅವರೆದುರು ಸೆರಗನ್ನೇ ಸಡಿಲಿಸಲಿಲ್ಲ. ಯುಗಾದಿ ಕಾರ್ಯಕ್ರಮದಲ್ಲಿ ಎದುರಾಗಬಹುದಾದವರ ಮುಂದೆ ಹೇಗೆ ಸ್ನಾನ ಮಾಡುವುದು ಎಂಬುದು ಅವರ ಪ್ರಶ್ನೆ. ನನಗೂ ನ್ಯಾಯವೆನಿಸಿತು.

ಈಗ ಬರುವವಳು ನೇಪಾಳದವಳು, ನರ್ಸಿಂಗ್ ಓದುತ್ತಿದ್ದಾಳೆ. ನೀರು, ಬಿಸಿ, ಸಾಕು, ನಿಧಾನ, ಇಷ್ಟು ಕನ್ನಡ ಕಲಿತಿದ್ದಾಳೆ. ಬಚ್ಚಲಿಗೆ ಅದಕ್ಕಿಂತ ಹೆಚ್ಚು ಬೇಕಾಗಿಲ್ಲ. ಅವಳನ್ನು ನಾವೇ ಹುಡುಕಿ ಮಾತನಾಡಿಸಿ ಆರಿಸಿದ್ದು. ಪೊಲೀಸ್ ತಪಾಸಣೆ, ವಿಮೆ, ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರಗಳನ್ನು ಸಂಸ್ಥೆ ನೋಡಿ ಒಪ್ಪಿಗೆ ಕೊಟ್ಟಿತು. ಸೊಸೆಗೇ ಆ ಸಂಬಳ ಕೊಡಬಹುದಲ್ಲ ಎಂದು ಊರಿನವರು ಕೇಳುತ್ತಾರೆ. ಸಾಮಾನ್ಯವಾಗಿ ಈ ಹಣದಲ್ಲಿ ಮನೆಯವರಿಗೆ ಸಂಬಳ ಕೊಡುವಂತಿಲ್ಲ. ಆರೈಕೆ ಮಾಡುವ ಕುಟುಂಬದವರ ಭತ್ಯೆ ಬೇರೆಯೇ ಇದೆ, ಅದರ ಷರತ್ತುಗಳೂ ಬೇರೆ.

ಭಾಷೆ ನಿಜವಾಗಿ ಬೇಕಾದದ್ದು

ಬಚ್ಚಲಲ್ಲಿ ಭಾಷೆ ಬೇಡವಾದರೆ ಸಭೆಯಲ್ಲಿ ಬೇಕೇ ಬೇಕು. ದೊಡ್ಡ ಸಂಸ್ಥೆ ಆರೈಕೆ ಯೋಜನೆಯ ಸಭೆಗೆ ದೂರವಾಣಿಯಲ್ಲಿ ದುಭಾಷಿಯನ್ನು ಕರೆಸಿತು. ಹಿಂದಿ ದುಭಾಷಿ! ಅತ್ತೆಯವರು ಎಲ್ಲದಕ್ಕೂ ಮರ್ಯಾದೆಯಿಂದ ತಲೆಯಾಡಿಸಿದರು; ಎಲ್ಲದಕ್ಕೂ ಒಪ್ಪಿಗೆಯೆಂದು ಬರೆದುಕೊಂಡರು. ಭಾರತದವರೆಂದರೆ ಹಿಂದಿ ಎಂದುಕೊಳ್ಳುವ ಅಭ್ಯಾಸ ಇಲ್ಲಿ ಇನ್ನೂ ಹೋಗಿಲ್ಲ. ಕನ್ನಡ ಎಂದು ಕಡತದಲ್ಲಿ ಬರೆಸಿ, ಸಭೆಯ ಹಿಂದಿನ ದಿನ ಇನ್ನೊಮ್ಮೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಬೇಕು.

ಈ ವಿಷಯದಲ್ಲಿ ನಮ್ಮವರ ಸಂಸ್ಥೆಗೆ ಉಳಿದೆರಡೂ ಸಾಟಿಯಲ್ಲ. ಅಲ್ಲಿನ ಸಂಯೋಜಕಿ ಮೈಸೂರಿನವರು. ಕಾಫಿ ಕುಡಿಯುತ್ತಾ ಒಂದು ಗಂಟೆ ಮಾತನಾಡಿ, “ಅಮ್ಮಾ, ನಿಮಗೇನು ಬೇಕು?” ಎಂದು ಕೇಳಿದರು. ಸ್ನಾನವೂ ಬೇಡ, ಅಡುಗೆಯೂ ಬೇಡ, ಸಂಜೆ ಪಾರ್ಕಿನವರೆಗೆ ಜೊತೆಗೆ ನಡೆಯಲು ಒಬ್ಬರು ಬೇಕು ಎಂದರು ಅತ್ತೆಯವರು. ಬಿದ್ದ ಮೇಲೆ ಹೊರಗೆ ಹೋಗಲು ಭಯ, ಮಗನನ್ನು ಕೇಳಲು ಸಂಕೋಚ. ಮನೆಯಲ್ಲಿದ್ದ ನಮಗೇ ಅದು ತಿಳಿದಿರಲಿಲ್ಲ. ಆ ಒಂದು ಸಾಲು ಯೋಜನೆಯಲ್ಲಿ ಸೇರಿತು, ಸಂಸ್ಥೆ ಬದಲಾದಾಗಲೂ ನಮ್ಮ ಜೊತೆಗೇ ಬಂತು.

ಬರಬೇಕಾದವರು ಬಾರದಿದ್ದ ದಿನ

ನಮ್ಮವರ ಸಂಸ್ಥೆಯ ಕೆಲಸಗಾರರೆಲ್ಲ ನಮ್ಮವರೇ ಆದ್ದರಿಂದ ದೀಪಾವಳಿಗೆ ಎಲ್ಲರಿಗೂ ಒಟ್ಟಿಗೇ ರಜೆ ಬೇಕು. ನರಕ ಚತುರ್ದಶಿಯ ಬೆಳಗ್ಗೆ ಎಣ್ಣೆಸ್ನಾನ ಮಾಡಿಸಲು ಒಬ್ಬರೂ ಇರಲಿಲ್ಲ. ದೊಡ್ಡ ಸಂಸ್ಥೆಯಲ್ಲಿ ಬದಲಿ ಜನ ಯಾವಾಗಲೂ ಸಿಗುತ್ತಾರೆ, ಆದರೆ ಪ್ರತಿ ಸಲವೂ ಹೊಸ ಮುಖ. ಮಹಿಳೆಯೇ ಬೇಕೆಂದು ಬರೆಸಿದ್ದರೂ ಒಂದು ಬೆಳಗ್ಗೆ ಗಂಡಾಳು ಬಾಗಿಲಲ್ಲಿ ನಿಂತಿದ್ದ. ಸ್ವಯಂ ನಿರ್ವಹಣೆಯಲ್ಲಿ ಬದಲಿ ಎಂಬುದೇ ಇಲ್ಲ. ಅವಳಿಗೆ ಪರೀಕ್ಷೆ ಬಂದರೆ ನಾವೇ ಇನ್ನೊಬ್ಬರನ್ನು ಹುಡುಕಬೇಕು, ಸಿಗದಿದ್ದರೆ ರಜೆ ಹಾಕಬೇಕು. ಅಗ್ಗದ ದರದ ಬೆಲೆ ಇಲ್ಲಿ ತೆರುತ್ತೇವೆ.

ನರ್ಸ್ ವಿಷಯದಲ್ಲಂತೂ ದೊಡ್ಡ ಸಂಸ್ಥೆಯದೇ ಮೇಲುಗೈ. ಹಿಮ್ಮಡಿಯಲ್ಲಿ ಮೊದಲ ಸಲ ಹುಣ್ಣಾದಾಗ ಅವರ ನರ್ಸ್ ಅಂದೇ ಬಂದು ಪಟ್ಟಿ ಕಟ್ಟಿ, ಚಿತ್ರ ತೆಗೆದು ಡಾಕ್ಟರಿಗೆ ಕಳುಹಿಸಿ, ಪಾದದ ತಜ್ಞರ ಸಮಯವನ್ನೂ ಗೊತ್ತುಮಾಡಿದರು. ಅದೇ ಗಾಯ ಮರುಕಳಿಸಿದಾಗ ನಾವು ನಮ್ಮವರ ಸಂಸ್ಥೆಯಲ್ಲಿದ್ದೆವು. ಅವರು ಹೊರಗಿನ ನರ್ಸ್ ಕರೆಸುವಷ್ಟರಲ್ಲಿ ನಾವೇ ಆಸ್ಪತ್ರೆಗೆ ಹೋಗಿ ಬಂದಿದ್ದೆವು.

ತಿಂಗಳ ಲೆಕ್ಕಪತ್ರದ ಬಗ್ಗೆ ಹೆಚ್ಚೇನಿಲ್ಲ. ದೊಡ್ಡವರದು ಅಚ್ಚುಕಟ್ಟು, ತಡ. ನಮ್ಮವರದು ಪದೇ ಪದೇ ತಪ್ಪು. ಹೇಳಿದರೆ ತಿದ್ದುತ್ತಾರೆ, ಹೇಳದಿದ್ದರೆ ಹಾಗೇ ಉಳಿಯುತ್ತದೆ. ಈಗಿನವರದು ಮೊಬೈಲ್‌ನಲ್ಲೇ ಕಾಣುತ್ತದೆ, ನನ್ನ ಗಂಡ ಭಾನುವಾರ ಬೆಳಗ್ಗೆ ಕ್ರಿಕೆಟ್ ಅಂಕಪಟ್ಟಿಯಂತೆ ಓದುತ್ತಾರೆ. ಮೂರು ತಿಂಗಳಲ್ಲಿ ಉಳಿದ ಹಣದಲ್ಲಿ 1,000 ಡಾಲರ್ ಅಥವಾ ಶೇಕಡಾ 10, ಯಾವುದು ಹೆಚ್ಚೋ ಅಷ್ಟು ಮಾತ್ರ ಮುಂದಿನ ಕಂತಿಗೆ ದಾಟುವುದರಿಂದ ಈ ಓದು ಈಗ ಹವ್ಯಾಸವಾಗಿ ಉಳಿದಿಲ್ಲ.

ಸದ್ಯಕ್ಕೆ ಸ್ವಯಂ ನಿರ್ವಹಣೆಯಲ್ಲೇ ಇದ್ದೇವೆ. ಮನೆಯಲ್ಲಿ ಇಂಗ್ಲಿಷ್ ಪತ್ರ ಓದಿ ಫೋನ್ ಮಾಡುವವರೊಬ್ಬರಿದ್ದು, ಹಿರಿಯರಿಗೆ ದಿನನಿತ್ಯದ ನೆರವಷ್ಟೇ ಬೇಕಿದ್ದರೆ ನಾನು ಇದನ್ನೇ ಹೇಳುತ್ತೇನೆ. ಮಕ್ಕಳು ಬೇರೆ ಊರಿನಲ್ಲಿದ್ದು ಹಿರಿಯರು ಒಂಟಿಯಾಗಿದ್ದರೆ ಅಥವಾ ಗಾಯ, ಇನ್ಸುಲಿನ್, ಕ್ಯಾಥೆಟರ್ ಇದ್ದರೆ ಕಣ್ಣುಮುಚ್ಚಿ ಸ್ವಂತ ನರ್ಸ್‌ಗಳಿರುವ ದೊಡ್ಡ ಸಂಸ್ಥೆ. ನಮ್ಮ ಅತ್ತೆಯವರ ಹುಣ್ಣು ಮತ್ತೆ ಬಂದರೆ ನಾವೂ ಅಲ್ಲಿಗೇ. ನಮ್ಮವರ ಸಂಸ್ಥೆಯನ್ನು ಯೋಜನೆ ಬರೆಸುವ ಮೊದಲ ವರ್ಷಕ್ಕೆ ಸೂಚಿಸುತ್ತೇನೆ, ಸ್ನಾನಕ್ಕೆ ಬರುವವರು ಯಾರೆಂದು ಹಿರಿಯರನ್ನೇ ಕೇಳಿಕೊಂಡು.

ಬದಲಾಯಿಸುವುದು ಅಂದುಕೊಂಡಷ್ಟು ಕಷ್ಟವಿಲ್ಲ. ಬಿಟ್ಟುಹೋಗುವುದಕ್ಕೆ ಶುಲ್ಕ ಹಾಕುವುದು 2023ರಿಂದಲೇ ನಿಷಿದ್ಧ. ಮೈ ಏಜ್ಡ್ ಕೇರ್‌ನ 1800 200 422ಕ್ಕೆ ಫೋನ್ ಮಾಡಿ, ಹೊಸ ಸಂಸ್ಥೆಗೆ ಕೊಡಬೇಕಾದ ಸಂಖ್ಯೆಯಾದ ಹಳೆಯ ರೆಫರಲ್ ಕೋಡ್‌ಗೆ ಮತ್ತೆ ಜೀವ ಕೊಡಿಸಿ, ಹೊಸ ಸಂಸ್ಥೆ ಒಪ್ಪಿದ ಮೇಲೆಯೇ ಹಳೆಯವರಿಗೆ ಬಿಡುವ ದಿನ ತಿಳಿಸಿ. ನಡುವೆ ಒಂದು ದಿನವೂ ಖಾಲಿ ಬೀಳದಂತೆ ಎರಡೂ ದಿನಾಂಕ ಹೊಂದಿಸಿ. ಮೊದಲ ಸಲ ಹಣ ಮಂಜೂರಾದವರಿಗೆ ಒಪ್ಪಂದ ಮಾಡಿಕೊಳ್ಳಲು 56 ದಿನಗಳಿರುತ್ತವೆ, ಕೇಳಿದರೆ ಇನ್ನೂ 28 ಸಿಗುತ್ತವೆ. ಸಂಸ್ಥೆಯೊಂದಿಗೆ ಜಟಾಪಟಿಯಾದರೆ 1800 700 600ರಲ್ಲಿ ಹಿರಿಯರ ಪರವಾಗಿ ಮಾತನಾಡುವ ವಕಾಲತ್ತು ಸೇವೆ ಉಚಿತವಾಗಿ ಸಿಗುತ್ತದೆ. ನಮ್ಮ ಲೆಕ್ಕದಲ್ಲಿ ಎರಡು ಸಲ ಬಿದ್ದಿದ್ದ ಪ್ರಯಾಣದ ಖರ್ಚು ವಾಪಸು ಬಂದದ್ದು ಅವರು ಫೋನ್ ಮಾಡಿದ ಮೇಲೆಯೇ.